ಪ್ರಿಂಟಿನ ಕಲೆಗೆಲ್ಲ ಗಣಿ ಧೂಳೇ ಕಾರಣವಲ್ಲ

ಪ್ರಶ್ನೆ: ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಮಾಳಿಗೆ ಮೇಲಿನ ಸಣ್ಣ ಕೋಣೆಯನ್ನು ಡಾರ್ಕ್‌ರೂಮ್ ಮಾಡಿಕೊಂಡಿದ್ದೇನೆ. ಮುಚ್ಚಿಹೋದ ಸ್ಟುಡಿಯೊ ಒಂದರಿಂದ, ನೆಗೆಟಿವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಹಳೆಯ ಎನ್‌ಲಾರ್ಜರ್ ತಂದಿದ್ದೇನೆ. 35 ಎಂಎಂ ಕಪ್ಪು-ಬಿಳುಪು ಫಿಲ್ಮನ್ನು ನಾನೇ ಡೆವಲಪ್ ಮಾಡಿ, 8×10 ಇಂಚಿನ ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರಿನಲ್ಲಿ ಪ್ರಿಂಟ್ ಹಾಕುತ್ತೇನೆ. ಬಿಳಿ ಚುಕ್ಕೆ, ಕೂದಲಿನಂಥ ಗೆರೆ ತಪ್ಪಿದ್ದೇ ಇಲ್ಲ. ಆಕಾಶದ ಭಾಗದಲ್ಲಿ ಗುಂಡಗಿನ ಕಪ್ಪು ಚುಕ್ಕೆ, ಅಲ್ಲಲ್ಲಿ ಮಸುಕಾದ ಬಿಳಿ ಉಂಗುರ. ಬಾರ್ಡರಿನಲ್ಲಿ ಕಂದು ಕಲೆ. ಕೆಲವು ಪ್ರಿಂಟಿಗೆ ಅವತ್ತೇ ಬಂತು, ಕೆಲವಕ್ಕೆ ತಿಂಗಳಾದ ಮೇಲೆ. ಎಲ್ಲ ಗಣಿ ಧೂಳಿನ ಕೆಲಸ ಎಂದು ಕಿಟಕಿಗೆ ಎರಡೆರಡು ಪರದೆ ಕಟ್ಟಿದೆ, ದಿನಾ ನೆಲ ಒರೆಸಿದೆ. ಉಪಯೋಗವಾಗಲಿಲ್ಲ. ಎನ್‌ಲಾರ್ಜರನ್ನೇ ಬದಲಿಸಬೇಕೆ?

ಉತ್ತರ: ಬೇಡ. ಎನ್‌ಲಾರ್ಜರ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ನೀವು ಕಳಿಸಿದ ಪ್ರಿಂಟುಗಳನ್ನು ಬಿಸಿಲಿನಲ್ಲಿ ಹಿಡಿದು, ಲೆನ್ಸ್ ಇಟ್ಟು ನೋಡಿದೆ. ಅಲ್ಲಿರುವುದು ಒಂದು ತೊಂದರೆಯಲ್ಲ, ನಾಲ್ಕು. ನಾಲ್ಕೂ ಬೇರೆ ಬೇರೆ ಕಡೆಯಿಂದ ಬಂದವು. ಅದರಲ್ಲಿ ಧೂಳಿನ ಪಾಲು ಒಂದೇ ಒಂದು. ನಮ್ಮ ಊರಿನಲ್ಲಿ ಏನು ಕೆಟ್ಟರೂ ಸಂಡೂರಿನ ಕೆಂಪು ಧೂಳಿನ ತಲೆಗೆ ಕಟ್ಟುವುದು ರೂಢಿಯಾಗಿಬಿಟ್ಟಿದೆ, ಅಲ್ವಾ? ಕಂದು ಕಲೆಗೂ ಕೆಂಪು ಧೂಳಿಗೂ ಬಣ್ಣ ಹೋಲುತ್ತದೆ ಅನ್ನುವುದು ಬಿಟ್ಟರೆ ಬೇರೆ ಯಾವ ಸಂಬಂಧವೂ ಇಲ್ಲ.

ಮೊದಲು ಒಂದು ಕೆಲಸ ಮಾಡಿ. ಏನನ್ನೂ ಒರೆಸಬೇಡಿ, ಏನನ್ನೂ ಬದಲಿಸಬೇಡಿ. ಒಂದೇ ನೆಗೆಟಿವ್‌ನಿಂದ, ಒಂದೇ ಎಕ್ಸ್‌ಪೋಶರ್‌ನಲ್ಲಿ, ಒಂದರ ಹಿಂದೊಂದು ಎರಡು ಪ್ರಿಂಟ್ ಹಾಕಿ. ಒಣಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿ ಇರುವ ಕಲೆ ಪೇಪರಿಗೆ ಬರುವ ಮೊದಲೇ ಹುಟ್ಟಿದ್ದು: ನೆಗೆಟಿವ್, ಅದನ್ನು ಹಿಡಿಯುವ ಕ್ಯಾರಿಯರ್ ಅಥವಾ ಅದರ ಮೇಲೆ ಬೆಳಕು ಕೂಡಿಸುವ ಕಂಡೆನ್ಸರ್ ಗಾಜಿನಲ್ಲಿ. ಜಾಗ ಬದಲಿಸಿದ ಕಲೆ ಪೇಪರಿನ ಮೇಲೆ, ಟ್ರೇಯಲ್ಲಿ ಅಥವಾ ನಿಮ್ಮ ಕೈಯಲ್ಲಿ ಹುಟ್ಟಿದ್ದು. ಇಷ್ಟರಲ್ಲೇ ಅರ್ಧ ಹುಡುಕಾಟ ಮುಗಿಯುತ್ತದೆ. ಎರಡು ಹಾಳೆ ದಂಡ ಅಂತ ಅನ್ನಿಸಬಹುದು. ಕಾರಣ ಗೊತ್ತಿಲ್ಲದೆ ಇಡೀ ಪ್ಯಾಕೆಟ್ ಖಾಲಿ ಮಾಡುವುದಕ್ಕಿಂತ ವಾಸಿ.

ಆಮೇಲೆ ಬಾರ್ಡರ್ ನೋಡಿ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಪೇಪರನ್ನು ಹಿಡಿದಿಡುವ ಚೌಕಟ್ಟಾದ ಈಸೆಲ್‌ನ ಪಟ್ಟಿಯ ಕೆಳಗೆ ಅಡಗಿದ್ದ ಬಿಳಿ ಅಂಚಿಗೆ ಎನ್‌ಲಾರ್ಜರಿನ ಬೆಳಕು ಬಿದ್ದೇ ಇಲ್ಲ. ಹಾಗಾಗಿ ಅಲ್ಲಿ ಕಾಣುವ ಯಾವ ಕಲೆಗೂ ನೆಗೆಟಿವ್ ಕಾರಣವಾಗಲು ಸಾಧ್ಯವಿಲ್ಲ. ಬಾರ್ಡರಿನಲ್ಲಿ ಕಪ್ಪು ಚುಕ್ಕೆ ಇದ್ದರೆ ಕೆಮಿಕಲ್ ಪುಡಿ. ಬಾರ್ಡರ್ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಎಲ್ಲಿಂದಲೋ ಬೆಳಕು ಬೀಳುತ್ತಿದೆ, ಇಲ್ಲವೇ ಪೇಪರ್ ಹಳೆಯದು. ಕಂದು ಕಲೆ ಇದ್ದರೆ ಟ್ರೇಗಳ ಕಡೆ ಹೋಗಿ. ನಾನಂತೂ ಯಾರದೇ ಪ್ರಿಂಟ್ ಕೈಗೆ ಬಂದರೂ ಚಿತ್ರಕ್ಕಿಂತ ಮೊದಲು ಬಾರ್ಡರ್ ನೋಡುತ್ತೇನೆ. ಬಾರ್ಡರ್ ಕತ್ತರಿಸಿ ಕಳಿಸುವವರ ಮೇಲೆ ನನಗೆ ಸಿಟ್ಟು ಬರುವುದೂ ಅದಕ್ಕೇ.

ಇನ್ನು ಬಿಳಿ ಚುಕ್ಕೆ ಮತ್ತು ಕೂದಲಿನ ಗೆರೆ. ಪ್ರಿಂಟಿನಲ್ಲಿ ಬಿಳಿ ಕಂಡರೆ ಬೆಳಕನ್ನು ಏನೋ ತಡೆದಿದೆ ಎಂದರ್ಥ. ತಡೆದದ್ದು ಎಲ್ಲಿದೆ? ಚುಕ್ಕೆಯ ಅಂಚು ಚೂಪಾಗಿದ್ದು ಎರಡೂ ಪ್ರಿಂಟಿನಲ್ಲಿ ಒಂದೇ ಕಡೆ ಇದ್ದರೆ ಅದು ನೆಗೆಟಿವ್ ಮೇಲೆ ಕೂತಿದೆ. ಅಂಚು ಮಸುಕಾಗಿ, ಚುಕ್ಕೆ ದೊಡ್ಡದಾಗಿದ್ದರೆ ಕಂಡೆನ್ಸರ್ ಗಾಜಿನ ಮೇಲೆ. ಅನುಮಾನ ಬಂದರೆ ಕ್ಯಾರಿಯರಿನಲ್ಲಿ ನೆಗೆಟಿವನ್ನು ಒಂದೆರಡು ಮಿಲಿಮೀಟರ್ ಸರಿಸಿ ಇನ್ನೊಂದು ಪ್ರಿಂಟ್ ಹಾಕಿ. ಚುಕ್ಕೆ ಚಿತ್ರದ ಜೊತೆ ಸರಿದರೆ ನೆಗೆಟಿವಿನದು. ಚಿತ್ರ ಸರಿದರೂ ಚುಕ್ಕೆ ಇದ್ದಲ್ಲೇ ಇದ್ದರೆ ಗಾಜಿನದು. ನೀವು ಲೆನ್ಸಿನ ಕಿಂಡಿಯನ್ನು ಎಫ್ 16ರಷ್ಟು ಕಿರಿದಿಗೆ ಇಳಿಸಿ ಪ್ರಿಂಟ್ ಹಾಕಿದ್ದೀರಿ ಎಂದು ಪ್ರಿಂಟಿನ ಹಿಂಬದಿಯಲ್ಲಿ ಬರೆದುಕೊಂಡಿದ್ದೀರಿ. ಅಷ್ಟು ಇಳಿಸಿದಷ್ಟೂ ಕಂಡೆನ್ಸರಿನ ಕೆಳಮೈಯ ಧೂಳು, ಕ್ಯಾರಿಯರ್ ಗಾಜಿನ ಧೂಳು ಜಾಸ್ತಿ ಸ್ಪಷ್ಟವಾಗಿ ಕಾಣುತ್ತದೆ. ಎಫ್ 8 ಸಾಕು.

ನಿಮ್ಮ ಕ್ಯಾರಿಯರಿನಲ್ಲಿ ಗಾಜು ಇದೆಯೇ ನೋಡಿಕೊಳ್ಳಿ. ಹಳೆಯ ಸ್ಟುಡಿಯೊ ಎನ್‌ಲಾರ್ಜರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಎರಡು ಗಾಜಿಗೆ ನಾಲ್ಕು ಮೈ, ನೆಗೆಟಿವಿಗೆ ಎರಡು, ಒಟ್ಟು ಆರು ಮೈಗಳನ್ನು ನೀವು ಸ್ವಚ್ಛ ಮಾಡಬೇಕು. ಗಾಜಿಲ್ಲದ ಕ್ಯಾರಿಯರಿನಲ್ಲಿ ಎರಡೇ. 35 ಎಂಎಂ ನೆಗೆಟಿವ್ ಗಾಜಿಲ್ಲದೆಯೂ ಸಾಕಷ್ಟು ಚಪ್ಪಟೆಯಾಗಿ ಕೂರುತ್ತದೆ. ನಮ್ಮಂಥ ಒಣ ಊರಿನಲ್ಲಿ ನಾನು ಗಾಜು ತೆಗೆದುಬಿಡಿ ಎಂದೇ ಹೇಳುವುದು.

ಧೂಳು ಎಷ್ಟಿದೆ ಅನ್ನುವುದಕ್ಕಿಂತ ಅದು ಫಿಲ್ಮಿಗೆ ಯಾಕೆ ಅಂಟಿಕೊಳ್ಳುತ್ತದೆ ಅನ್ನುವುದು ಮುಖ್ಯ. ಫಾಲ್ಗುಣ ಕಳೆದ ಮೇಲೆ ಇಲ್ಲಿಯ ಗಾಳಿ ಒಣಗಿ ಹೋಗುತ್ತದೆ. ಒಣ ಗಾಳಿಯಲ್ಲಿ ನೆಗೆಟಿವನ್ನು ಕವರಿನಿಂದ ಸರ್ರನೆ ಎಳೆದರೆ ಸಾಕು, ಅದಕ್ಕೆ ವಿದ್ಯುತ್ ಆವೇಶ ಬರುತ್ತದೆ. ಆಮೇಲೆ ಕೋಣೆಯ ಧೂಳೆಲ್ಲ ಅದರ ಕಡೆಗೇ ಓಡಿ ಬರುತ್ತದೆ. ಬಟ್ಟೆಯಿಂದ ಒರೆಸಿದರೆ ಆವೇಶ ಇನ್ನೂ ಜಾಸ್ತಿ. ನೀವು ದಿನಾ ನೆಲ ಒರೆಸಿದರೂ ಚುಕ್ಕೆ ಕಡಿಮೆಯಾಗದೆ ಇದ್ದದ್ದು ಫಿಲ್ಮಿನ ಈ ಆವೇಶದಿಂದಲೇ. ಕೆಲಸಕ್ಕೆ ಕೂರುವ ಅರ್ಧ ಗಂಟೆ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಗೋಡೆಗೆ ಒಂದು ಒದ್ದೆ ಟವೆಲ್ ತೂಗುಹಾಕಿ. ಎನ್‌ಲಾರ್ಜರಿನ ಕಬ್ಬಿಣದ ಕಂಬದಿಂದ ಒಂದು ತಂತಿಯನ್ನು ಮನೆಯ ಅರ್ಥಿಂಗ್‌ಗೆ ಜೋಡಿಸಿದರೆ ಆವೇಶ ನೆಲಕ್ಕೆ ಹರಿದುಹೋಗುತ್ತದೆ. ಈ ಜೋಡಣೆಯನ್ನು ಎಲೆಕ್ಟ್ರಿಶಿಯನ್ ಕೈಯಲ್ಲೇ ಮಾಡಿಸಿ. ನೆಗೆಟಿವನ್ನು ಕವರಿನಿಂದ ನಿಧಾನವಾಗಿ ಎಳೆಯಿರಿ. ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಧೂಳಿಗಿಂತ ಕೆಟ್ಟದ್ದು. ಬ್ಲೋವರಿಗೂ ಹೋಗದ್ದನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ನೆಗೆಟಿವನ್ನು ಎನ್‌ಲಾರ್ಜರಿನ ಬೆಳಕಿಗೆ ಓರೆಯಾಗಿ ಹಿಡಿದರೆ ನೇರ ನೋಡಿದಾಗ ಕಾಣದ ಕಣಗಳೂ ಹೊಳೆಯುತ್ತವೆ.

ಒಂದು ಮಾತು ಕೂಲರ್ ಬಗ್ಗೆ. ಬೇಸಿಗೆಯಲ್ಲಿ ಮಾಳಿಗೆ ಕೋಣೆಯಲ್ಲಿ ಕೂಲರ್ ಇಲ್ಲದೆ ಕೂರುವುದು ಕಷ್ಟ, ಗೊತ್ತು. ಆದರೆ ಅದು ಹೊರಗಿನ ಧೂಳನ್ನೂ ತನ್ನ ಹುಲ್ಲಿನ ಚೂರನ್ನೂ ನೀರಿನ ಸಣ್ಣ ಹನಿಯನ್ನೂ ಒಟ್ಟಿಗೆ ಒಳಗೆ ತೂರುತ್ತದೆ. ಕೂಲರ್ ಹಾಕಿ ಕೋಣೆ ತಂಪು ಮಾಡಿಕೊಳ್ಳಿ, ನೆಗೆಟಿವ್ ಹೊರತೆಗೆಯುವ ಮೊದಲು ಆರಿಸಿ ಹತ್ತು ನಿಮಿಷ ಬಿಡಿ. ಸೀಲಿಂಗ್ ಫ್ಯಾನಿಗೂ ಇದೇ ನಿಯಮ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದು ಕೋಣೆಯ ಗಾಳಿಯನ್ನು ಹೊರಗೆ ತಳ್ಳಿ, ಬಾಗಿಲ ಸಂದಿಯಿಂದ ಧೂಳಿನ ಗಾಳಿಯನ್ನು ಒಳಗೆಳೆಯುತ್ತದೆ. ಅದೇ ಫ್ಯಾನನ್ನು ತಿರುಗಿಸಿ ಕೂರಿಸಿ, ಮುಂದೆ ಒಂದು ದಪ್ಪ ಬಟ್ಟೆಯ ಫಿಲ್ಟರ್ ಕಟ್ಟಿ ನೋಡಿ. ಆಗ ಸೋಸಿದ ಗಾಳಿ ಒಳಗೆ ಬಂದು, ಸಂದಿಗಳಿಂದ ಹೊರಗೆ ಹೋಗುತ್ತದೆ. ಆಷಾಢದ ಗಾಳಿಯಲ್ಲೂ ಕೋಣೆ ಸ್ವಚ್ಛವಾಗಿರುವುದು ಹೀಗೆ. ಕಿಟಕಿಗೆ ಎರಡು ಪರದೆ ಕಟ್ಟಿದ್ದೀರಲ್ಲ, ಅವು ಹತ್ತಿ ಬಟ್ಟೆಯವಾದರೆ ಅವುಗಳಿಂದಲೇ ನೂಲಿನ ಎಳೆ ಉದುರುತ್ತಿರುತ್ತದೆ. ನಿಮ್ಮ ಪ್ರಿಂಟಿನಲ್ಲಿ ಕಂಡ 'ಕೂದಲು' ಕೂದಲಲ್ಲ, ನೂಲು. ಎರಡೂ ತುದಿ ಸೀಳಿದೆ. ಮನೆಯಲ್ಲಿ ಜೀನ್ಸ್ ಹೊಲಿಯುವ ಕೆಲಸವೇನಾದರೂ ನಡೆಯುತ್ತಿದೆಯೇ? ನಮ್ಮ ಊರಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು.

ಜಾಗ ಬದಲಿಸುವ ಬಿಳಿ ಚುಕ್ಕೆಗಳೂ ನಿಮ್ಮಲ್ಲಿ ಕೆಲವಿವೆ. ಅವು ಎಕ್ಸ್‌ಪೋಶರ್ ವೇಳೆ ಪೇಪರ್ ಮೇಲೇ ಕೂತಿದ್ದ ಕಣಗಳು. ದೊಡ್ಡ ಹಾಳೆಯನ್ನು ಕತ್ತರಿಸಿ ಟೆಸ್ಟ್ ಪಟ್ಟಿ ಮಾಡಿಕೊಳ್ಳುವವರಿಗೆ ಇದು ತಪ್ಪದು, ಕತ್ತರಿಸಿದ ಅಂಚಿನಿಂದ ಪುಡಿ ಉದುರುತ್ತದೆ. ಈಸೆಲ್ ಮೇಲೆ ಇಡುವ ಮುನ್ನ ಹಾಳೆಯ ಅಂಚನ್ನು ಮೇಜಿಗೆ ಮೆಲ್ಲಗೆ ತಟ್ಟಿ. ಚುಕ್ಕೆ ಪೂರ್ತಿ ಗುಂಡಗೆ, ಅಂಚು ಗೆರೆ ಎಳೆದಂತೆ ಇದ್ದರೆ ಅದು ಧೂಳಲ್ಲ. ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರಿನಲ್ಲಿ ಪೇಪರಿಗೆ ಅಂಟಿದ ಗಾಳಿಗುಳ್ಳೆ. ಪೇಪರನ್ನು ಮೇಲಿನಿಂದ ಬಿಡದೆ ಓರೆಯಾಗಿ ಒಳಗೆ ಜಾರಿಸಿ, ತಕ್ಷಣ ಟ್ರೇ ಅಲುಗಾಡಿಸಿದರೆ ಹೋಗುತ್ತದೆ.

ಕಪ್ಪು ಚುಕ್ಕೆಗೆ ಬರೋಣ. ಇಲ್ಲಿ ಲೆಕ್ಕ ಉಲ್ಟಾ. ಪ್ರಿಂಟಿನಲ್ಲಿ ಕಪ್ಪು ಎಂದರೆ ಅಲ್ಲಿ ಬೆಳಕು ಜಾಸ್ತಿ ಬಿದ್ದಿದೆ, ಅಂದರೆ ನೆಗೆಟಿವಿನಲ್ಲೇ ಖಾಲಿ ಜಾಗ ಇದೆ. ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಒರೆಸಲು ಅಲ್ಲಿ ಏನೂ ಇಲ್ಲ. ನಿಮ್ಮ ಕೋಟೆ ಬೆಟ್ಟದ ಚಿತ್ರದ ಆಕಾಶದಲ್ಲಿ ಚುಕ್ಕೆಗಳೆಲ್ಲ ಗುಂಡಗಿವೆ, ಎಲ್ಲವೂ ಫಿಲ್ಮಿನ ಒಂದೇ ಅಂಚಿನ ಹತ್ತಿರ ಗುಂಪಾಗಿವೆ. ಇದು ಫಿಲ್ಮ್ ಡೆವಲಪ್ ಮಾಡುವಾಗ ಅಂಟಿಕೊಂಡ ಗಾಳಿಗುಳ್ಳೆ. ಗುಳ್ಳೆ ಇದ್ದ ಕಡೆ ಡೆವಲಪರ್ ತಲುಪಿಲ್ಲ, ನೆಗೆಟಿವಿನಲ್ಲಿ ಆ ಜಾಗ ತಿಳಿಯಾಗಿ ಉಳಿದಿದೆ. ಡೆವಲಪರ್ ಸುರಿದ ಕೂಡಲೇ ಟ್ಯಾಂಕನ್ನು ಮೇಜಿಗೆ ಎರಡು ಮೂರು ಸಲ ಗಟ್ಟಿಯಾಗಿ ಕುಟ್ಟಿ, ಪ್ರತಿ ಸಲ ಅಲುಗಾಡಿಸಿದ ಮೇಲೂ ಕುಟ್ಟಿ. ರೀಲ್ ಪೂರ್ತಿ ಮುಳುಗುವಷ್ಟು ದ್ರಾವಣ ಇರಲಿ. ಅರ್ಧ ಲೀಟರ್ ಉಳಿಸಲು ಹೋಗಿ ಅಂಚು ಹಾಳು ಮಾಡಿಕೊಳ್ಳುವವರು ಬಹಳ.

ಕಪ್ಪು ಚುಕ್ಕೆ ಗುಂಡಗಿಲ್ಲದೆ ಒಡ್ಡೊಡ್ಡಾಗಿದ್ದರೆ ಕ್ಯಾಮೆರಾದೊಳಗಿನ ಧೂಳು. ಚಿತ್ರ ತೆಗೆಯುವಾಗ ಫಿಲ್ಮಿನ ಮೇಲೆ ಕೂತು ಬೆಳಕು ತಡೆದಿದೆ. ರೋಲ್ ಹಾಕುವ ಮುನ್ನ ಕ್ಯಾಮೆರಾ ಹಿಂಬದಿಯನ್ನು ಬ್ಲೋವರಿನಿಂದ ಊದಿ, ಶಟರ್ ಪರದೆಗೆ ಮಾತ್ರ ತಾಗಿಸಬೇಡಿ. ಕಪ್ಪು ಅರ್ಧಚಂದ್ರವೋ ಬಿಳಿ ಅರ್ಧಚಂದ್ರವೋ ಕಂಡರೆ ರೀಲಿಗೆ ಸುತ್ತುವಾಗ ಫಿಲ್ಮ್ ಮಡಚಿದೆ. ಉದ್ದಕ್ಕೆ ಓಡುವ ಗೆರೆ ಬಂದರೆ ಬಣ್ಣ ನೋಡಿ. ಕಪ್ಪು ಗೆರೆ ಎಂದರೆ ಎಮಲ್ಷನ್ (ಚಿತ್ರ ಇರುವ ಪದರ) ಕೆರೆದು ಹೋಗಿದೆ, ಅದಕ್ಕೆ ಪ್ರಿಂಟಿನಲ್ಲೇ ರಿಪೇರಿ. ಬಿಳಿ ಗೆರೆ ಎಂದರೆ ಹಿಂಬದಿಯ ಪ್ಲಾಸ್ಟಿಕ್ ಗೀರಿದೆ, ಬೆಳಕು ಅಲ್ಲಿ ಚದುರುತ್ತಿದೆ. ಅದಕ್ಕೆ ಹಳೇ ಸ್ಟುಡಿಯೊದವರ ಮದ್ದೊಂದಿದೆ: ಮೂಗಿನ ಪಕ್ಕದ ಜಿಡ್ಡನ್ನು ಬೆರಳಿಗೆ ತಗೊಂಡು ಆ ಗೀರಿಗೆ ತೆಳ್ಳಗೆ ಸವರುವುದು. ನಗಬೇಡಿ. ಜಿಡ್ಡು ಗೀರನ್ನು ತುಂಬುತ್ತದೆ, ಬೆಳಕು ನೇರ ದಾಟುತ್ತದೆ, ಗೆರೆ ಮಾಯವಾಗುತ್ತದೆ. ಪ್ರಿಂಟ್ ಆದ ಮೇಲೆ ಒರೆಸಿಬಿಡಿ. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಇರಲಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಎಣ್ಣೆಯೋ ಬಣ್ಣವೋ ಸೇರಿರಬಹುದು. ಸ್ಯಾನಿಟೈಸರ್ ಅಂತೂ ಬೇಡವೇ ಬೇಡ.

ಮಸುಕಾದ ಬಿಳಿ ಉಂಗುರಗಳು ಬೋರ್‌ವೆಲ್ ನೀರಿನ ಗುರುತು. ತೊಳೆದ ಫಿಲ್ಮನ್ನು ಒಣಗಲು ತೂಗುಹಾಕಿದಾಗ ಹನಿ ನಿಂತ ಕಡೆ ನೀರು ಆವಿಯಾಗಿ ಸುಣ್ಣ ಉಳಿದಿದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ಗೀಸರಿನ ಕಾಯಿಲ್ ನೋಡಿದವರಿಗೆ ಹೇಳಬೇಕಾಗಿಲ್ಲ. ಫಿಲ್ಮಿನ ಹೊಳೆಯುವ ಬದಿಯಲ್ಲಿ ಸುಣ್ಣ ಕೂತಿದ್ದರೆ ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಬಿಡುತ್ತದೆ. ಎಮಲ್ಷನ್ ಬದಿಯಾದರೆ ಉಜ್ಜಬೇಡಿ. ಆರ್‌ಒ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಮತ್ತೆ ಒಣಗಿಸಿ. ಇನ್ನು ಮುಂದೆ ಕೊನೆಯ ಜಾಲಾಟ ಆರ್‌ಒ ನೀರಿನಲ್ಲೇ ಆಗಲಿ. ಓಣಿಯಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಇರುತ್ತದಲ್ಲ, ಅದರ ನೀರು ಸಾಕು. ಲೀಟರಿಗೆ 5 ಎಂಎಲ್ ಫೋಟೊ ಫ್ಲೋ ಸೇರಿಸಿದರೆ ನೀರು ಹನಿಯಾಗದೆ ಹಾಳೆಯಂತೆ ಇಳಿದುಹೋಗುತ್ತದೆ. ಡೆವಲಪರನ್ನೂ ಅದೇ ನೀರಿನಲ್ಲಿ ಕಲಸಿ. ಬೋರ್ ನೀರಿನಲ್ಲಿ ಕಲಸಿದರೆ ಬೆಳ್ಳಗೆ ಗಸಿ ಕಟ್ಟಿ ಪ್ರಿಂಟಿನ ಮೇಲೆ ಕೂರುತ್ತದೆ. ತೊಳೆಯುವುದಕ್ಕೆ ಮಾತ್ರ ನಲ್ಲಿ ನೀರು ನಡೆಯುತ್ತದೆ. ನಲ್ಲಿಯ ಬಾಯಿಗೆ ಮಡಚಿದ ಮಲ್ ಬಟ್ಟೆ ಕಟ್ಟಿ. ಮಳೆಗಾಲದಲ್ಲಿ ಹೊಳೆ ನೀರಿನ ಕೆಸರು, ಹಳೆ ಪೈಪಿನ ತುಕ್ಕು ಎರಡೂ ನೆನೆದ ಎಮಲ್ಷನ್ನಿಗೆ ಕಚ್ಚಿಕೊಂಡರೆ ಬಿಡುವುದಿಲ್ಲ.

ಕಂದು ಕಲೆಗೆ ಜಾಸ್ತಿ ಹೊತ್ತು ಕೊಡಬೇಕು, ಯಾಕೆಂದರೆ ನಿಮ್ಮ ನಿಜವಾದ ತೊಂದರೆ ಇದೇ. ಬಿಳಿ ಚುಕ್ಕೆಯನ್ನು ಬ್ರಷ್ಷಿನಿಂದ ಮುಚ್ಚಬಹುದು. ಕಂದು ಕಲೆ ಬಂದ ಪ್ರಿಂಟ್ ಹೋಯಿತು ಎಂದೇ ಲೆಕ್ಕ.

ಅವತ್ತೇ ಬಂದ ಕಲೆ, ತಿಂಗಳಾದ ಮೇಲೆ ಬಂದ ಕಲೆ ಎರಡೂ ಬೇರೆ. ಅವತ್ತೇ ಬಂದದ್ದು ಡೆವಲಪರಿನ ಕಲೆ. ನಿಮ್ಮ ಪತ್ರದಲ್ಲಿ ಡೆವಲಪರ್ ಮತ್ತು ಹೈಪೋ (ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್) ನಡುವೆ 'ನೀರಿನಲ್ಲಿ ಅದ್ದುತ್ತೇನೆ' ಎಂದಿದೆ. ತಣ್ಣನೆಯ ಊರಿನಲ್ಲಿ ಅದು ನಡೆದೀತು. ಇಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ, ಮಾಳಿಗೆಯ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ಆ ಬಿಸಿಯಲ್ಲಿ ಪೇಪರಿನಲ್ಲಿ ಉಳಿದ ಡೆವಲಪರ್ ಬೇಗ ಗಾಳಿಗೆ ಕೆಟ್ಟು ಕಂದಾಗುತ್ತದೆ. ಅದೇ ಪೇಪರ್ ಹೈಪೋಕ್ಕೆ ಹೋದಾಗ ಹೈಪೋದ ಮೇಲೆ ತೇಲಿ ಅರ್ಧ ಗಾಳಿಯಲ್ಲಿ ನಿಂತರೆ, ಅಥವಾ ಎರಡು ಪ್ರಿಂಟ್ ಒಂದಕ್ಕೊಂದು ಅಂಟಿಕೊಂಡರೆ ಅಷ್ಟು ಭಾಗ ಹೈಪೋ ತಾಗದೆ ಕಲೆ ಕಟ್ಟುತ್ತದೆ. ನಿಮ್ಮ ಪ್ರಿಂಟಿನ ಕಲೆ ಒಂದು ಮೂಲೆಯಿಂದ ಕಮಾನಿನಂತೆ ಬಾಗಿದೆ. ಇನ್ನೊಂದು ಪ್ರಿಂಟ್ ಮೇಲೆ ಕೂತಿದ್ದ ಜಾಗ ಅದು.

ಬರೀ ನೀರಿನ ಬದಲು ಹುಳಿ ಸ್ಟಾಪ್ ಬಾತ್ ಇಟ್ಟುಕೊಳ್ಳಿ, ಅದು ಡೆವಲಪರಿನ ಕೆಲಸವನ್ನು ಅಲ್ಲೇ ನಿಲ್ಲಿಸುವ ದ್ರಾವಣ. ಕಿರಾಣಿ ಅಂಗಡಿಯ ನಿಂಬೆ ಉಪ್ಪು ಲೀಟರಿಗೆ 15 ಗ್ರಾಂ ಹಾಕಿದರೆ ಸಾಕು, ವಾಸನೆಯೂ ಇಲ್ಲ. ಬಿಳಿ ವಿನೆಗರ್ ಆದರೆ ಒಂದು ಪಾಲಿಗೆ ಮೂರು ಪಾಲು ನೀರು. ಜಾಸ್ತಿ ಹುಳಿ ಒಳ್ಳೆಯದು ಅಂತ ತಿಳಿಯಬೇಡಿ. ಪೇಪರ್ ಡೆವಲಪರಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಅದಕ್ಕೆ ತೀಕ್ಷ್ಣ ಆಸಿಡ್ ತಾಗಿದರೆ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಬಿಸಿಯಿಂದ ಮೆತ್ತಗಾದ ಎಮಲ್ಷನ್ ಒಳಗೆ ಆ ಅನಿಲ ಸಿಕ್ಕಿಕೊಂಡರೆ ಬೊಬ್ಬೆ ಏಳುತ್ತದೆ. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಪೇಪರ್ ಬಳಸುವವರು ಇದನ್ನು ಬೇಸಿಗೆಯಲ್ಲಿ ಖಂಡಿತ ನೋಡಿರುತ್ತಾರೆ. ಗ್ಲೇಶಿಯಲ್ ಅಸಿಟಿಕ್ ಆಸಿಡ್ ಸಿಕ್ಕರೆ ಲೀಟರಿಗೆ 15 ಎಂಎಲ್ ಸಾಕು. ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ. ಕನ್ನಡಕ, ಗ್ಲೌಸ್ ಇರಲಿ.

ಬರೀ ಹೈಪೋ ಹರಳನ್ನು ನೀರಿಗೆ ಹಾಕಿ ಕೆಲಸ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಹಳೆಯ ಸ್ಟುಡಿಯೊಗಳ ರೂಢಿ ಅದು, ಅಗ್ಗ ಕೂಡ. ಆದರೆ ಸಾದಾ ಹೈಪೋ ಬೇಗ ಕಂದಾಗುತ್ತದೆ. ಅದಕ್ಕೆ ಆಸಿಡ್ ಸೇರಿದರೆ ಗಂಧಕ ಬಿಟ್ಟು ಹಾಲಿನಂತೆ ಬೆಳ್ಳಗಾಗುತ್ತದೆ. ಲೀಟರಿಗೆ 250 ಗ್ರಾಂ ಹೈಪೋ, 25 ಗ್ರಾಂ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್ ಹಾಕಿ. ಹೈಪೋ ಕರಗುವಾಗ ಶಾಖ ಹೀರಿಕೊಂಡು ನೀರನ್ನು ತಣ್ಣಗೆ ಕೊರೆಯುವಂತೆ ಮಾಡುತ್ತದೆ. ಅದಕ್ಕೇ ಶುರುವಿಗೆ ಬಿಸಿ ನೀರು ಬೇಕು. ಆದರೆ ಮೆಟಾಬೈಸಲ್ಫೈಟನ್ನು ದ್ರಾವಣ ತಣ್ಣಗಾದ ಮೇಲೆಯೇ ಸೇರಿಸಿ, ಬಿಸಿಯಲ್ಲಿ ಹಾಕಿದರೆ ಮತ್ತೆ ಅದೇ ಗಂಧಕ. ಇದರಲ್ಲಿ ಆರ್‌ಸಿ ಪೇಪರಿಗೆ ಐದು ನಿಮಿಷ ಕೊಡಿ, ಮೊದಲ ನಿಮಿಷ ಕೈ ಬಿಡದೆ ಅಲುಗಾಡಿಸಿ. ರೆಡಿಮೇಡ್ ರ್‍ಯಾಪಿಡ್ ಫಿಕ್ಸರ್ ಕೊಳ್ಳುವ ಶಕ್ತಿ ಇದ್ದರೆ ಇನ್ನೂ ಒಳ್ಳೆಯದು, ಅದು ಒಂದು ನಿಮಿಷದೊಳಗೇ ಕೆಲಸ ಮುಗಿಸುತ್ತದೆ.

ತಿಂಗಳಾದ ಮೇಲೆ ಬಂದ ಕಂದು ಕಲೆ ಸುಸ್ತಾದ ಫಿಕ್ಸರಿನದು, ಅಥವಾ ಸಾಲದ ತೊಳೆತದ್ದು. ಸುಸ್ತಾದ ಫಿಕ್ಸರ್ ಪೇಪರಿನೊಳಗೆ ಬೆಳ್ಳಿಯ ಸಂಯುಕ್ತಗಳನ್ನು ಬಿಟ್ಟುಬಿಡುತ್ತದೆ. ಅವು ನೀರಿಗೂ ಬರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ದಿನ ಕಳೆದಂತೆ ಹಳದಿಯಾಗುತ್ತವೆ. ಫಿಕ್ಸರ್ ಸುಸ್ತಾಗಿದೆಯೇ ಎಂದು ನೋಡಲು ಎರಡು ದಾರಿ ಇವೆ. ಫಿಲ್ಮಿನ ಬಾಲದ ತುಂಡೊಂದನ್ನು ಹೊಸ ಫಿಕ್ಸರಿನಲ್ಲಿ ಹಾಕಿ, ತಿಳಿಯಾಗಲು ಎಷ್ಟು ಸೆಕೆಂಡ್ ಬೇಕು ಎಂದು ಬಾಟಲಿಯ ಮೇಲೆ ಬರೆದಿಡಿ. ಅದೇ ಫಿಕ್ಸರಿಗೆ ಆಮೇಲೆ ಅದರ ಎರಡರಷ್ಟು ಹೊತ್ತು ಬೇಕಾದರೆ ಚೆಲ್ಲುವ ಕಾಲ ಬಂತು. ಇನ್ನೊಂದು, ಶೇಕಡ 5ರ ಪೊಟ್ಯಾಶಿಯಂ ಅಯೊಡೈಡ್ ದ್ರಾವಣದ ಕೆಲವು ಹನಿಯನ್ನು ಸ್ವಲ್ಪ ಫಿಕ್ಸರಿಗೆ ಹಾಕಿ ಅಲುಗಾಡಿಸುವುದು. ಕೆನೆಬಣ್ಣದ ಗಸಿ ಕಟ್ಟಿ ಕರಗದೆ ನಿಂತರೆ ಫಿಕ್ಸರ್ ಮುಗಿದಿದೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪರಿಚಯದವರಿದ್ದರೆ ಈ ಅಯೊಡೈಡ್ ಸಿಕ್ಕೇ ಸಿಗುತ್ತದೆ.

ತೊಳೆಯುವ ಮಾತು. ನಲ್ಲಿ ನೀರು ದಿನಾ ಬಾರದ ಊರಿನಲ್ಲಿ 'ಹರಿಯುವ ನೀರಿನಲ್ಲಿ ತೊಳೆಯಿರಿ' ಎಂದು ಬರೆಯುವುದು ಸುಲಭ. ಆರ್‌ಸಿ ಪೇಪರಿಗೆ ಅದರ ಅಗತ್ಯವಿಲ್ಲ. ಅದರ ಕಾಗದಕ್ಕೆ ಎರಡೂ ಕಡೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಹೈಪೋ ಒಳಗೆ ಇಳಿಯುವುದೇ ಇಲ್ಲ. ಟ್ರೇ ತುಂಬ ನೀರು ಹಾಕಿ, ಒಂದು ನಿಮಿಷ ಅಲುಗಾಡಿಸಿ, ಚೆಲ್ಲಿ, ಮತ್ತೆ ತುಂಬಿ. ನಾಲ್ಕೈದು ಸಲ ಹೀಗೆ ಮಾಡಿದರೆ ಮುಗಿಯಿತು. ಫೈಬರ್ ಪೇಪರಿಗೆ ಹೋಗುವ ಆಸೆ ಇದ್ದರೆ ಮಾತ್ರ ನೀರಿನ ಲೆಕ್ಕ ಬೇರೆ. ಮೊದಲು ಐದು ನಿಮಿಷ ತೊಳೆದು, ಶೇಕಡ 2ರ ಸೋಡಿಯಂ ಸಲ್ಫೈಟ್‌ನಲ್ಲಿ ಹತ್ತು ನಿಮಿಷ ನೆನೆಸಿದರೆ ಮುಂದಿನ ತೊಳೆತ ಬಹಳ ಕಡಿಮೆಯಾಗುತ್ತದೆ.

ಬಿಸಿಗೆ ಏನು ಮಾಡುವುದು? ರಾತ್ರಿ ಹತ್ತರ ಮೇಲೆ ಅಥವಾ ಬೆಳಗಿನ ಜಾವ ಕೆಲಸ ಮಾಡಿ. ರಂಜಣಿಗೆಯಲ್ಲಿ ಹಿಂದಿನ ದಿನವೇ ನೀರು ತುಂಬಿಟ್ಟರೆ ಟ್ಯಾಂಕಿನ ನೀರಿಗಿಂತ ಎಷ್ಟೋ ತಣ್ಣಗಿರುತ್ತದೆ. ಡೆವಲಪರ್ ಟ್ರೇಯನ್ನು ಅದಕ್ಕಿಂತ ದೊಡ್ಡ ಟ್ರೇಯಲ್ಲಿಟ್ಟು ಸುತ್ತ ಆ ನೀರು ಹಾಕಿ. ಐಸ್ ಬೇಕಾದರೆ ಬಾಟಲಿಯಲ್ಲೇ ಗಟ್ಟಿ ಮಾಡಿ ಹೊರಗಿನ ನೀರಿಗೆ ಬಿಡಿ. ಡೆವಲಪರಿಗೇ ಐಸ್ ಹಾಕಿದರೆ ಅದು ತೆಳುವಾಗಿ ಪ್ರಿಂಟ್ ಸಪ್ಪೆಯಾಗುತ್ತದೆ. 20 ಡಿಗ್ರಿ ಸಿಗಲಿಲ್ಲ ಎಂದು ಕೈಚೆಲ್ಲಬೇಡಿ. 24-25ರಲ್ಲಿ ನಿಂತರೂ ಆರ್‌ಸಿ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಬಿಸಿ ಇದ್ದರೆ ಸರಿ. ಬಿಸಿ ಇದೆ ಎಂದು 20 ಸೆಕೆಂಡಿಗೇ ಪ್ರಿಂಟ್ ಎತ್ತುವುದು ಮಾತ್ರ ಬೇಡ, ಮೋಡ ಮೋಡವಾಗಿ ಬರುತ್ತದೆ. ಅಷ್ಟು ಬೇಗ ಕಪ್ಪಾದರೆ ಎಕ್ಸ್‌ಪೋಶರ್ ಕಡಿಮೆ ಮಾಡಿ.

ಬಿಳಿ ಬೆರಳ ಗುರುತು ನಿಮ್ಮ ಒಂದು ಪ್ರಿಂಟಿನಲ್ಲಿದೆ, ನೀವು ಕೇಳಿಲ್ಲ. ಹೈಪೋ ಮುಟ್ಟಿದ ಕೈಯಲ್ಲಿ ಒಣ ಪೇಪರ್ ಹಿಡಿದಿದ್ದೀರಿ. ಪ್ರತಿ ಟ್ರೇಗೂ ಬೇರೆ ಚಿಮಟ ಇಟ್ಟುಕೊಂಡು ಬಣ್ಣದ ಟೇಪ್ ಸುತ್ತಿ. ಹೈಪೋ ಚಿಮಟ ಡೆವಲಪರಿಗೆ ಹೋದರೆ ಆ ಡೆವಲಪರ್ ಕೆಟ್ಟಂತೆ. ಡೆವಲಪರಿನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಆ ಕಾರಣಕ್ಕೂ ಬರಿಗೈ ಬೇಡ. ಪುಡಿಗಳನ್ನು ಡಾರ್ಕ್‌ರೂಮಿನೊಳಗೆ ಕಲಸಬೇಡಿ. ಹಾರಿದ ಡೆವಲಪರ್ ಪುಡಿ ಪೇಪರ್ ಮೇಲೆ ಕೂತರೆ ಕಪ್ಪು ಚುಕ್ಕೆ, ಹೈಪೋ ಪುಡಿ ಕೂತರೆ ಬಿಳಿ ಚುಕ್ಕೆ. ನಿಮ್ಮ ಬಾರ್ಡರಿನಲ್ಲಿ ಕಂಡ ಎರಡು ಸಣ್ಣ ಕಪ್ಪು ಚುಕ್ಕೆಗೆ ಬೇರೆ ಕಾರಣ ನನಗೆ ತೋಚುವುದಿಲ್ಲ.

ನಿಮ್ಮ ಬಾರ್ಡರ್ ಅಚ್ಚ ಬಿಳಿಯಾಗಿಲ್ಲ, ಲೇಸಾಗಿ ಬೂದಿ. ಸೇಫ್‌ಲೈಟಿಗೆ (ಪೇಪರಿಗೆ ತಾಗದ ಬೆಳಕಿನ ದೀಪಕ್ಕೆ) ಕೆಂಪು ಝೀರೋ ಬಲ್ಬ್ ಹಾಕಿದ್ದೀರಾ? ಬಣ್ಣ ಬಳಿದ ಬಲ್ಬು ಕಣ್ಣಿಗೆ ಕೆಂಪಾಗಿ ಕಂಡರೂ ನೀಲಿ, ಹಸಿರು ಬೆಳಕು ಸೋರಿಸಬಹುದು. ಒಂದು ಹಳೆ ಸಿಡಿಯ ಹೊಳೆಯುವ ಮೈಯಲ್ಲಿ ಆ ಬಲ್ಬಿನ ಪ್ರತಿಬಿಂಬ ನೋಡಿ. ಕೆಂಪಿನ ಜೊತೆ ಹಸಿರೋ ನೀಲಿಯೋ ಕಂಡರೆ ಬಲ್ಬ್ ಬದಲಿಸಿ. ನಾಣ್ಯದ ಪರೀಕ್ಷೆಯನ್ನು ಎಲ್ಲರೂ ಬಲ್ಲರು, ಆದರೆ ಅರ್ಧಂಬರ್ಧ ಮಾಡುತ್ತಾರೆ. ಬೆಳಕೇ ಕಾಣದ ಪೇಪರಿಗಿಂತ ಸ್ವಲ್ಪ ಬೆಳಕು ಕಂಡ ಪೇಪರ್ ಜಾಸ್ತಿ ಸೂಕ್ಷ್ಮ. ಆದ್ದರಿಂದ ಸೇಫ್‌ಲೈಟ್ ಆರಿಸಿ, ಎನ್‌ಲಾರ್ಜರಿನಿಂದ ತಿಳಿ ಬೂದಿ ಬರುವಷ್ಟು ಬೆಳಕು ಕೊಡಿ. ಆಮೇಲೆ ಪೇಪರ್ ಮೇಲೆ ನಾಲ್ಕು ನಾಣ್ಯ ಇಟ್ಟು ಸೇಫ್‌ಲೈಟ್ ಹಚ್ಚಿ, ಎರಡೆರಡು ನಿಮಿಷಕ್ಕೆ ಒಂದೊಂದು ನಾಣ್ಯ ತೆಗೆಯಿರಿ. ಮತ್ತೆ ಆರಿಸಿ, ಕತ್ತಲಲ್ಲೇ ಡೆವಲಪ್ ಮಾಡಿ. ನಾಣ್ಯದ ಗುರುತು ಒಂದೂ ಕಾಣದಿದ್ದರೆ ಬೆಳಕು ನಿರ್ದೋಷಿ. ಸೇಫ್‌ಲೈಟ್ ಪೇಪರಿನಿಂದ ನಾಲ್ಕು ಅಡಿಯಾದರೂ ದೂರ ಇರಲಿ. ಸ್ಟೆಬಿಲೈಜರಿನ ಹಸಿರು ದೀಪ, ಕೈಯ ಸ್ಮಾರ್ಟ್ ವಾಚ್, ಜೇಬಿನ ಫೋನ್ ಇವನ್ನು ಮರೆಯಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದೆರಡು ಬಿಳಿ ಚುಕ್ಕೆ ಉಳಿಯುತ್ತವೆ. ಉಳಿಯಲಿ. ಸ್ಟುಡಿಯೊಗಳಲ್ಲಿ ಟಚಿಂಗ್‌ಗೆ ಅಂತಲೇ ಒಬ್ಬರು ಕೂರುತ್ತಿದ್ದರು. ಸ್ಪಾಟಿಂಗ್ ಬಣ್ಣ, 000 ನಂಬರಿನ ಬ್ರಷ್ ಸಾಕು. ಬಣ್ಣವನ್ನು ತಿಳಿಯಾಗಿ ಕಲಸಿ, ಬ್ರಷ್ಷನ್ನು ಕಾಗದಕ್ಕೆ ಒತ್ತಿ ಹೆಚ್ಚಿನ ನೀರು ತೆಗೆದು, ಚುಕ್ಕಿ ಚುಕ್ಕಿಯಾಗಿ ಇಡಿ. ಗೆರೆ ಎಳೆಯಬೇಡಿ. ಪಕ್ಕದ ಬಣ್ಣಕ್ಕಿಂತ ಒಂದು ಎಳೆ ತಿಳಿಯಾಗಿರುವಾಗಲೇ ನಿಲ್ಲಿಸಿ, ಕಪ್ಪಾದರೆ ತೆಗೆಯುವುದು ಕಷ್ಟ. ಆಕಾಶದ ಕಪ್ಪು ಚುಕ್ಕೆಗೆ ಹೊಸ ಬ್ಲೇಡಿನ ತುದಿಯಿಂದ ಕೆರೆಯುವ ಹಳೆಯ ಪದ್ಧತಿ ಫೈಬರ್ ಪೇಪರಿಗೆ ಸರಿ. ಆರ್‌ಸಿಯಲ್ಲಿ ಹೊಳಪು ಹೋಗಿ ಗಾಯ ಎದ್ದು ಕಾಣುತ್ತದೆ. ಅಲ್ಲಿ ನೆಗೆಟಿವಿನ ಆ ತಿಳಿ ಜಾಗಕ್ಕೇ ಹಿಂಬದಿಯಿಂದ ಬಣ್ಣದ ಒಂದು ಚುಕ್ಕಿ ಇಟ್ಟು, ಪ್ರಿಂಟಿನಲ್ಲಿ ಬಿಳಿಯಾಗಿ ಬಂದದ್ದನ್ನು ಮುಚ್ಚುವುದು ಲೇಸು.

ಮುಂದಿನ ಸಲ ಕಳಿಸುವಾಗ ಒಂದೇ ನೆಗೆಟಿವಿನ ಎರಡು ಪ್ರಿಂಟ್ ಕಳಿಸಿ, ಬಾರ್ಡರ್ ಸಮೇತ. ಹಿಂಬದಿ ಪೆನ್ಸಿಲ್‌ನಲ್ಲಿ ಯಾವುದು ಮೊದಲು, ಡೆವಲಪರ್ ಎಷ್ಟು ಡಿಗ್ರಿ ಇತ್ತು, ಫಿಕ್ಸರ್‌ನಲ್ಲಿ ಅದು ಎಷ್ಟನೇ ಹಾಳೆ ಎಂದು ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂಬದಿಗೆ ಮೂಡುತ್ತದೆ.